ಬಕೆಟ್ಟಿಗೆ ಬಾಯಿ ಬಂದಾಗ

ನಮ್ಮನೆ ಬಕೆಟ್ 32 ಹಲ್ಲು ಬಿಟ್ಟು ನಕ್ಕ ರಾತ್ರಿ, ಬಚ್ಚಲಿಗೆ ಒಬ್ಬನೇ ಹೋಗೋಕೆ ನನಗೆ ಸ್ವಲ್ಪ ಹೆದರಿಕೆಯಾಯಿತು.

ತಪ್ಪು ನನ್ನದೇ. ಪೊರಕೆ ಬೈಯುವುದು, ಫ್ರಿಜ್ ಅಳುವುದು, ಹಲ್ಲುಜ್ಜುವ ಬ್ರಷ್ ಕೆಲಸಕ್ಕೆ ರಾಜೀನಾಮೆ ಕೊಡುವುದು, ಇಂಥ ಎಐ ವಿಡಿಯೊಗಳು ಮೊಬೈಲ್ ತುಂಬಾ ಓಡಾಡುತ್ತಿವೆಯಲ್ಲ, ಅಂಥದ್ದೊಂದು ನಾನೂ ಮಾಡೋಣ ಅಂತ ಕೂತೆ. 2025ರ ಮೇ ತಿಂಗಳಲ್ಲಿ ವಿಡಿಯೊ ಮಾಡುವ ಗೂಗಲ್‌ನವರ ಎಐ, ವಿಯೋ 3 ಬಂದಾಗಲೇ ಚಿತ್ರ, ಮಾತು, ಸದ್ದು ಎಲ್ಲ ಒಂದೇ ಏಟಿಗೆ ಹುಟ್ಟುವುದನ್ನು ಜನ ಬಾಯಿ ಬಿಟ್ಟುಕೊಂಡು ನೋಡಿದ್ದರು. ಏನು ಬೇಕು ಅಂತ ಬರೆದರೆ ಸಾಕಂತೆ, ಹಾಗೆ ಬರೆದದ್ದಕ್ಕೆ ಪ್ರಾಂಪ್ಟ್ ಅಂತ ಹೆಸರು. ಬರೆದರೆ ಸಾಕು! ಈ ಮಾತು ನಂಬಿಯೇ ನಾನು ಕೆಟ್ಟೆ. (ನಾನು ಬಳಸಿದ ಆ್ಯಪ್ ಯಾವುದು ಅಂತ ಹೇಳುವುದಿಲ್ಲ. ಪಾಪ, ಅದು ನಾನು ಹೇಳಿದ್ದನ್ನೇ ಮಾಡಿತು. ಅದೇ ತೊಂದರೆ.)

ಮೊದಲ ಪ್ರಾಂಪ್ಟ್‌ನಲ್ಲಿ ನನ್ನೊಳಗಿನ ಸಾಹಿತಿ ಎದ್ದು ಕೂತಿದ್ದ. "ಬಚ್ಚಲಲ್ಲಿ ನೀಲಿ ಬಕೆಟ್ ಮುಖ ಊದಿಸಿಕೊಂಡು ಕೂತಿದೆ" ಅಂತ ಬರೆದೆ. ಎರಡು ನಿಮಿಷ ಕಾದ ಮೇಲೆ ಬಂತು ನೋಡಿ, ಜೇನು ಕಡಿದವರ ಹಾಗೆ ಕೆನ್ನೆ, ಕಣ್ಣು ಎಲ್ಲ ಊದಿಕೊಂಡ ಬಕೆಟ್. ಸಿಟ್ಟಿನ ಸುಳಿವೇ ಇಲ್ಲ. ನೋಡಿದವರು ಔಷಧಿ ಹಚ್ಚಬೇಕು, ಹಾಗಿತ್ತು. ಇರಲಿ ಅಂತ ಛತ್ರಿಗೆ ಹೋದೆ. ಹೊಸ ರೇನ್‌ಕೋಟ್ ನೋಡಿ ಹಳೇ ಛತ್ರಿ "ಹೊಟ್ಟೆ ಉರಿದುಕೊಂಡು" ಮಾತಾಡಬೇಕು. ಛತ್ರಿ ಮಧ್ಯಭಾಗದಿಂದ ಧಗಧಗ ಉರಿಯುತ್ತಾ, ನಗುನಗುತ್ತಲೇ ಮಾತಾಡಿತು. ಪಕ್ಕದಲ್ಲಿದ್ದ ರೇನ್‌ಕೋಟಿಗೂ ಬೆಂಕಿ ಹತ್ತಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ನೋಡಿದ್ದೆ. ಇದು ಕರುವಿಗೊಂದು ಹೆಸರೂ ಇಟ್ಟುಬಿಡುವ ಜಾತಿ.

ಆಮೇಲೆ ಬುದ್ಧಿ ಬಂತು. ಮನಸ್ಸಿನೊಳಗಿನದನ್ನು ಬರೆಯಬಾರದು, ಕಣ್ಣಿಗೆ ಕಾಣುವುದನ್ನು ಬರೆಯಬೇಕು. ಹುಬ್ಬು ಗಂಟಿಕ್ಕಿದೆ, ತುಟಿ ಕೆಳಗೆ ಬಾಗಿದೆ, ಕ್ಯಾಮೆರಾ ಎದುರಿಗೆ ಬಕೆಟ್ಟಿನ ಎತ್ತರಕ್ಕೇ ಇದೆ, ಬೆಳಕು ಎಡಗಡೆ ಕಿಟಕಿಯಿಂದ. ಇದನ್ನೆಲ್ಲ ಬರೆದು ಕೊನೆಯಲ್ಲಿ ಒಂದು ಎಚ್ಚರಿಕೆ ಸೇರಿಸಿದೆ: "ಬಾಯಿ ಇರಲಿ, ಹಲ್ಲು ಬೇಡ." ಆವಾಗ ಬಂದದ್ದೇ ಆ 32 ಹಲ್ಲು. ಈ ಯಂತ್ರಗಳು ಶಬ್ದಕ್ಕೂ ಚಿತ್ರಕ್ಕೂ ನಂಟು ಕಲಿತಿರುತ್ತವೆ. ಹಲ್ಲು ಅನ್ನುವ ಶಬ್ದ ಕಿವಿಗೆ ಬಿದ್ದರೆ ಹಲ್ಲು ನೆನಪಾಗುತ್ತದೆ, ಹಿಂದೆ ಬರುವ "ಬೇಡ" ಅನ್ನುವುದು ಎಷ್ಟೋ ಸಲ ತಲೆಗೆ ಹೋಗುವುದಿಲ್ಲ. ಬೇಡದ್ದನ್ನು ಬರೆಯಲು ಕೆಲವು ಕಡೆ ಬೇರೆಯೇ ಡಬ್ಬಿ ಇರುತ್ತದೆ. ಇಲ್ಲದಿದ್ದರೆ ಆ ಹೆಸರನ್ನೇ ಎತ್ತಬಾರದು.

ಗಡಿಯಾರದ ಕಥೆ ಇದಕ್ಕಿಂತ ಮಜವಾಗಿದೆ. ಅಲಾರಾಂ ಗಡಿಯಾರ ಕಿರುಚಬೇಕು: "ಆರು ಗಂಟೆ ಆಯ್ತು, ಏಳು!" ಆರೋ ಏಳೋ ಅಂತ ಯಂತ್ರಕ್ಕೆ ಗೊಂದಲ ಆಗಬಹುದು ಅನ್ನುವ ಅನುಮಾನ ನನಗಿತ್ತು. ಅದು ಎರಡನ್ನೂ ಬಿಟ್ಟು ಮುಳ್ಳುಗಳನ್ನು 10:10ಕ್ಕೆ ನಿಲ್ಲಿಸಿತು. ಮತ್ತೆ ಬರೆದೆ, ಮತ್ತೆ 10:10. ಚಿಕ್ಕ ಮುಳ್ಳು ಆರರ ಮೇಲೆ, ದೊಡ್ಡ ಮುಳ್ಳು ಹನ್ನೆರಡರ ಮೇಲೆ ಅಂತ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಮೂರು ಮುಳ್ಳು ಬಂದವು, ಅದರಲ್ಲಿ ಎರಡು 10:10. ಕಾರಣ ಆಮೇಲೆ ಗೊತ್ತಾಯಿತು. ಜಾಹೀರಾತಿನ ಗಡಿಯಾರಗಳು ಹೆಚ್ಚಾಗಿ ಹತ್ತು ಹತ್ತನ್ನೇ ತೋರಿಸುತ್ತವೆ. ಕಂಪನಿಯ ಹೆಸರು ಮರೆಯಾಗುವುದಿಲ್ಲ, ಮುಳ್ಳುಗಳು ನಕ್ಕ ಹಾಗೂ ಕಾಣುತ್ತವೆ. ಯಂತ್ರ ನೋಡಿ ಕಲಿತದ್ದು ಅಂಥ ಫೋಟೊಗಳನ್ನೇ. ಹೀಗಾಗಿ ಗಡಿಯಾರ ಅಂದರೆ 10:10 ಅಂತ ಅದು ತೀರ್ಮಾನ ಮಾಡಿಬಿಟ್ಟಿದೆ. ವಿಡಿಯೊ ನೋಡಿದ ಹೆಂಡತಿ "ಇದರಲ್ಲಿ ತಪ್ಪೇನಿದೆ ರೀ? ನೀವು ಏಳೋ ಹೊತ್ತು ಸರಿಯಾಗೇ ತೋರಿಸ್ತಿದೆ" ಅಂದಳು.

ಮಾತಿನ ಪಾಡು ಬೇರೆ. ಚಪ್ಪಲಿಗೆ ಒಂದು ಪುಟದ ಸಂಭಾಷಣೆ ಬರೆದಿದ್ದೆ. ಬಾಲ್ಯ, ಮದುವೆ ಮನೆಯಲ್ಲಿ ಜೋಡಿ ಕಳೆದುಹೋದದ್ದು, ಹೊಸ ಜೋಡಿಯ ಜೊತೆ ಹೊಂದಾಣಿಕೆಯಾಗದ್ದು, ಎಲ್ಲ ಇತ್ತು. ಆ ಆ್ಯಪ್‌ನಲ್ಲಿ ಒಂದು ವಿಡಿಯೊಗೆ ಸಿಗುವುದು 8 ಸೆಕೆಂಡು. ಚಪ್ಪಲಿ ಹರಾಜು ಕೂಗುವವರ ಹಾಗೆ ಅಷ್ಟನ್ನೂ ಒಂದೇ ಉಸಿರಲ್ಲಿ ಹೇಳಲು ಹೋಗಿ, ಬಾಲ್ಯ ಮುಗಿಯುವ ಮೊದಲೇ ಮಾಯವಾಯಿತು. ಕತ್ತರಿಸಿ ಕತ್ತರಿಸಿ ಕೊನೆಗೆ ಹತ್ತು ಪದಕ್ಕೆ ತಂದೆ. "ನನ್ನ ಗೋಳು ಕೇಳೋರು ಯಾರು" ಅಂತ ಶುರು. ಯಂತ್ರದ ನಾಲಿಗೆಗೆ ಳಕಾರ ಹೊರಳಲಿಲ್ಲ. "ನನ್ನ ಗೋಲು ಕೇಲೋರು ಯಾರು" ಅಂತು. ಎಲ್ಲೋ ಪಂದ್ಯದಲ್ಲಿ ಗೋಲು ಹೊಡೆದು ಬಂದು, ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಅಂತ ಕೊರಗುವ ಚಪ್ಪಲಿ. ಸಾಲದ್ದಕ್ಕೆ ನಾನು ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದ್ದರಿಂದಲೋ ಏನೋ, ಅದನ್ನೇ ಪರದೆಯ ಕೆಳಗೂ ಬರೆದಿತ್ತು, ಯಾವ ಲಿಪಿಗೂ ಸೇರದ ಅಕ್ಷರಗಳಲ್ಲಿ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಚಪ್ಪಲಿಗೂ ನಿಜ.

ವಸ್ತುಗಳಲ್ಲಿ ಮುಖ ಹುಡುಕುವ ಚಟ ಮನುಷ್ಯರಿಗೆ ಮೊದಲಿನಿಂದಲೂ ಇದೆ. 1976ರಲ್ಲಿ ವೈಕಿಂಗ್ 1 ನೌಕೆ ಕಳಿಸಿದ ಮಂಗಳ ಗ್ರಹದ ಫೋಟೊದಲ್ಲಿ ಒಂದು ಮುಖ ಕಂಡು ಜನ ಏನೇನೋ ಕಥೆ ಕಟ್ಟಿದ್ದರು. ಆಮೇಲೆ ಹತ್ತಿರದಿಂದ ತೆಗೆದ ಫೋಟೊಗಳಲ್ಲಿ ಅದು ಸುಮ್ನೆ ಒಂದು ಗುಡ್ಡ. ನನಗೂ ಈಗ ಅದೇ ಕಾಯಿಲೆ. ಸ್ವಿಚ್‌ಬೋರ್ಡ್ ದುರುಗುಟ್ಟಿ ನೋಡುತ್ತದೆ, ಕಾರಿನ ಮುಂಭಾಗ ಹಲ್ಲು ಕಿರಿಯುತ್ತದೆ.

ಮೂರು ದಿನ ಕಳೆದ ಮೇಲೆ ಹೆಂಡತಿ ನಾನು ಬರೆದ ಸಂಭಾಷಣೆಗಳನ್ನೆಲ್ಲ ಕೂತು ಓದಿದಳು. ಟವೆಲ್: "ಒದ್ದೆ ಮಾಡಿ ಹಾಸಿಗೆ ಮೇಲೆ ಎಸೀತಾನೆ." ರಿಮೋಟ್: "ಸೋಫಾ ಸಂದಿಯಲ್ಲಿ ಹೂತು ನನ್ನನ್ನೇ ಬೈತಾನೆ." ಬಕೆಟ್: "ನಲ್ಲಿ ಬಿಟ್ಟು ಮೊಬೈಲ್ ಹಿಡ್ಕೊಂಡು ಹೋಗಿಬಿಡ್ತಾನೆ." ಓದಿ ಮುಗಿಸಿ ಕೇಳಿದಳು: "ಇಷ್ಟನ್ನೂ ನಾನು ಮದುವೆಯಾದಾಗಿನಿಂದ ಹೇಳ್ತಾ ಇದೀನಿ. ಬಕೆಟ್ ಹೇಳಿದ್ರೆ ಮಾತ್ರ ಬರ್ಕೋತೀರಾ?" ಇದಕ್ಕೆ ಯಾವ ಪ್ರಾಂಪ್ಟ್‌ನಲ್ಲೂ ಉತ್ತರ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಸ್ನಾನಕ್ಕೆ ನೀರು ಬಿಟ್ಟು ಬಂದು, ಕೊನೆಯ ಸಲ ಅಂತ ಕೂತೆ. ಪ್ರತಿ ಸಲ ಬಕೆಟ್ಟಿನ ಬಣ್ಣ ಬದಲಾಗುತ್ತಿತ್ತು. ಅದಕ್ಕೇ ನಮ್ಮನೆ ಬಕೆಟ್ಟಿನದೇ ಫೋಟೊ ಕೊಟ್ಟು, ಇದರಿಂದಲೇ ಶುರು ಮಾಡು ಅಂದೆ. ಸಂಗೀತ ಬೇಡ ಅಂದರೆ ವಾಲಗವನ್ನೇ ಊದಿಸುತ್ತದೆ ಅಂತ ಗೊತ್ತಿತ್ತಲ್ಲ, "ಬಕೆಟ್ ತುಂಬಿ ನೀರು ನೆಲಕ್ಕೆ ಸುರಿಯುವ ಸದ್ದು ಮಾತ್ರ" ಅಂತ ಬರೆದೆ. ವಿಡಿಯೊ ಬಂತು. ಬಕೆಟ್ ನೀಲಿ. ಅಂಚಿನ ಸೀಳು ಇದ್ದ ಕಡೆಯೇ ಇತ್ತು. ಹಲ್ಲಿಲ್ಲ. ಸದ್ದಂತೂ ಕೇಳಬೇಡಿ, ನೀರು ಪಕ್ಕದ ಕೋಣೆಯಲ್ಲೇ ಹರಿದ ಹಾಗೆ. ಕಣ್ಣು ಮುಚ್ಚಿಕೊಂಡು ಕೇಳಿದೆ. 8 ಸೆಕೆಂಡಿಗೆ ವಿಡಿಯೊ ನಿಂತಿತು.

ಸದ್ದು ನಿಲ್ಲಲಿಲ್ಲ.