ಒಳಗೆ ಬಿಟ್ಟ ಒಂದಿಂಚು

ಪ್ಯಾಂಟು ಬಿಗಿಯಾಗಿದೆ ಅಂತ ಒಪ್ಪಿಕೊಳ್ಳುವುದಕ್ಕೆ ನನಗೆ ಮೂರು ತಿಂಗಳು ಬೇಕಾಯಿತು. ಮೊದಲು, ಒಗೆದಾಗ ಕುಗ್ಗಿದೆ ಅಂದುಕೊಂಡೆ. ಆಮೇಲೆ, ಊಟ ಆದ ತಕ್ಷಣ ಹಾಕಿಕೊಂಡರೆ ಹಾಗೇ ಅಂದುಕೊಂಡೆ. ಕೊನೆಗೆ ಒಂದು ದಿನ ಗುಂಡಿಯೇ ಕಿತ್ತು ಹಾರಿ ಮಂಚದ ಕೆಳಗೆ ಅಡಗಿಕೊಂಡ ಮೇಲೆ ವಾದ ಮಾಡಲು ಏನೂ ಉಳಿಯಲಿಲ್ಲ. ಪ್ಯಾಂಟು ಎತ್ತಿಕೊಂಡು ಹೋಗಿ ಅಮ್ಮನ ಮುಂದೆ ಇಟ್ಟೆ. ಸ್ವಲ್ಪ ಬಿಚ್ಚಿ ಸಡಿಲ ಮಾಡಿಕೊಡು ಅಂದೆ.

ಅಮ್ಮ ಅದನ್ನು ತಿರುವಿ ಹಾಕಿ, ಕನ್ನಡಕ ಏರಿಸಿ, ಪಕ್ಕದ ಹೊಲಿಗೆ ಉದ್ದಕ್ಕೂ ಬೆರಳಾಡಿಸಿದಳು. "ಬಿಚ್ಚೋಕೆ ಏನಿದೆ ಇದರಲ್ಲಿ? ಒಳಗೆ ಬಟ್ಟೆನೇ ಬಿಟ್ಟಿಲ್ವಲ್ಲ!" ಅಂದಳು. ಆಮೇಲೆ, "ಹೊಲಿದವರಿಗೆ ನೀನು ದಪ್ಪ ಆಗ್ತೀಯ ಅಂತ ಅನ್ನಿಸೇ ಇಲ್ಲ ನೋಡು" ಅಂತ ಸೇರಿಸಿದಳು.

ನಾನೂ ನೋಡಿದೆ. ಹೊಲಿಗೆ ಮುಗಿದ ಕಡೆಯೇ ಬಟ್ಟೆಯೂ ಮುಗಿದಿತ್ತು. ಅಂಚಿಗೆ ದಾರ ಸುತ್ತಿ ಸುತ್ತಿ ಬಿಗಿದಿದ್ದರು. ಓವರ್‌ಲಾಕ್ ಯಂತ್ರದ ಕೆಲಸ ಅದು. ಹೊಲಿಯುತ್ತಲೇ ಹೆಚ್ಚಿನ ಅಂಚನ್ನು ಕತ್ತರಿಸಿ ಬಿಸಾಡುತ್ತಾ ಹೋಗುತ್ತದೆ. ಕಾರ್ಖಾನೆಗೆ ಅದೇ ಲಾಭ. ಒಂದು ಪ್ಯಾಂಟಿನಲ್ಲಿ ಅರ್ಧ ಇಂಚು ಉಳಿಸಿದರೆ ಸಾವಿರ ಪ್ಯಾಂಟಿಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಮನೆಯಲ್ಲಿ ಹೊಲಿಯುವವರಿಗೆ ಅಂತ ಬರುವ ಪೇಪರ್ ಪ್ಯಾಟರ್ನ್‌ಗಳಲ್ಲಿ, ಅಂದರೆ ಬಟ್ಟೆ ಕತ್ತರಿಸಲು ಮೇಲೆ ಇಡುವ ಕಾಗದದ ಅಚ್ಚುಗಳಲ್ಲಿ, ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರ್ ಒಳಗೆ ಬಿಡಲು ಹೇಳಿರುತ್ತಾರೆ. ಅಮ್ಮನ ಅಳತೆ ಇನ್ನೂ ಧಾರಾಳ. ಪಕ್ಕಕ್ಕೆ ಒಂದಿಂಚು, ಕೆಳಗೆ ಮೂರಿಂಚು.

ಆ ಮೂರಿಂಚಿನ ಮೇಲೆ ಚಿಕ್ಕಂದಿನಲ್ಲಿ ನನಗೆ ಇದ್ದ ಸಿಟ್ಟು ಅಷ್ಟಿಷ್ಟಲ್ಲ. ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಯೂನಿಫಾರ್ಮಿನ ಮಡಿಕೆ ಬಿಚ್ಚಿ ಉದ್ದ ಮಾಡುತ್ತಿದ್ದಳು. ಮೇಲಿನ ಬಟ್ಟೆ ಬಿಸಿಲಿಗೆ ಮಾಸಿರುತ್ತಿತ್ತು, ಒಳಗೆ ಅಡಗಿದ್ದದ್ದು ಅಂಗಡಿಯಿಂದ ಈಗ ತಂದ ಹಾಗೆ ಕಡು ಬಣ್ಣ. ಎರಡರ ನಡುವೆ ಹಳೆ ಮಡಿಕೆಯ ಗೆರೆ. ಎಷ್ಟು ಇಸ್ತ್ರಿ ಹೊಡೆದರೂ ಹೋಗುತ್ತಿರಲಿಲ್ಲ. ನಾನು ಒಂದು ವರ್ಷದಲ್ಲಿ ಎಷ್ಟು ಬೆಳೆದೆ ಎಂಬುದನ್ನು ಇಡೀ ತರಗತಿ ನನ್ನ ಮೊಣಕಾಲಿನ ಹತ್ತಿರ ಓದಬಹುದಾಗಿತ್ತು.

ಹೊಲಿಗೆ ಮೆಷಿನ್ನು ಕಾಲಿನಲ್ಲಿ ತುಳಿಯುವಂಥದ್ದು. ಮಧ್ಯಾಹ್ನ ನಿದ್ದೆ ಹತ್ತುವ ಹೊತ್ತಿಗೆ ಸರಿಯಾಗಿ ಅದರ ಕಟಕಟ ಶುರುವಾಗುತ್ತಿತ್ತು. ನೇರ ಹೊಲಿಗೆಯಾದರೆ ರೈಲು ಓಡಿದ ಹಾಗೆ ಒಂದೇ ಸಮ. ಕುತ್ತಿಗೆ, ಕಂಕುಳು ಬಂತು ಅಂದರೆ ನಿಂತು ನಿಂತು, ಒಂದೊಂದೇ ಟಾಕು. ಸದ್ದು ಕೇಳಿಯೇ ಅಂಗಿ ಎಲ್ಲಿಗೆ ಬಂದಿದೆ ಅಂತ ಹೇಳಬಹುದಿತ್ತು. ಕೆಳಗಿನ ದಾರ ಸುತ್ತಿದ ಬಾಬಿನ್ ಅದರ ಗೂಡಿನಲ್ಲಿ ಕೂರುವಾಗ ಟಕ್ ಅನ್ನಬೇಕು. ಅನ್ನಲಿಲ್ಲವೋ, ಕೆಳಗಡೆ ದಾರ ಜಡೆ ಕಟ್ಟುತ್ತದೆ, ಮೇಲಿರುವವರಿಗೆ ಗೊತ್ತೇ ಆಗುವುದಿಲ್ಲ.

ಈ ಯಂತ್ರದ ಕಥೆ ಶುರುವಾದದ್ದೇ ಜಗಳದಿಂದ. ಫ್ರಾನ್ಸಿನ ದರ್ಜಿ ತಿಮೊನಿಯೆ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದು, ಸೈನಿಕರ ಬಟ್ಟೆ ಹೊಲಿಯುವ ಕಾರ್ಖಾನೆ ಹಾಕಿದ. ಹೊಟ್ಟೆಗೆ ಕಲ್ಲು ಬಿತ್ತು ಅಂತ ಉಳಿದ ದರ್ಜಿಗಳು ಗುಂಪು ಕಟ್ಟಿಕೊಂಡು ಬಂದು ಯಂತ್ರಗಳನ್ನು ಪುಡಿಗಟ್ಟಿದರು. ಅವನದು ಒಂಟಿ ದಾರದ ಸರಪಳಿ ಹೊಲಿಗೆ. ಸಿಮೆಂಟ್ ಚೀಲದ ಬಾಯಿ ನೋಡಿರುತ್ತೀರಿ. ಸರಿಯಾದ ತುದಿ ಸಿಕ್ಕಿತು ಅಂದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಪ್ಯಾಂಟಿನಲ್ಲಿ ಅಂಥ ತುದಿ ಸಿಕ್ಕುವುದು ಅಷ್ಟು ಒಳ್ಳೆಯದಲ್ಲ ಅಲ್ವಾ? ಅಮೆರಿಕದ ಇಲಾಯಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ದಾರ ಎರಡು, ಸೂಜಿಯ ಕಣ್ಣು ಮೊನೆಯ ಹತ್ತಿರ. ಮೇಲಿನ ದಾರ ಕೆಳಗೆ ಇಳಿದು, ಕೆಳಗಿನ ದಾರವನ್ನು ತಬ್ಬಿಕೊಂಡು ಮೇಲೆ ಬರುತ್ತದೆ. ಈಗಿನ ಮನೆ ಮೆಷಿನ್ನುಗಳೂ ಹೊಲಿಯುವುದು ಹೀಗೇ.

ಅದನ್ನು ಮನೆಮನೆಗೆ ಮುಟ್ಟಿಸಿದವನು ಮಾತ್ರ ಐಸಾಕ್ ಸಿಂಗರ್. 1851ರಲ್ಲಿ ಅವನ ಯಂತ್ರಕ್ಕೆ ಪೇಟೆಂಟ್ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಕಂತಿನ ಮೇಲೆ ಮಾರಾಟವೂ ಶುರುವಾಯಿತು. ಒಂದು ಗಂಡಸರ ಅಂಗಿಗೆ ಕೈಹೊಲಿಗೆಯಾದರೆ 14 ಗಂಟೆ, ಮೆಷಿನ್ನಿನಲ್ಲಿ ಒಂದೂಕಾಲು ಗಂಟೆ ಅಂತ ಆ ಕಾಲದ ಒಂದು ಮೆಷಿನ್ ಕಂಪನಿ ಲೆಕ್ಕ ಕೊಟ್ಟಿತ್ತು. ಮಾರುವವರ ಲೆಕ್ಕ, ಸ್ವಲ್ಪ ಕಳೆದೇ ನಂಬೋಣ. ಆದರೂ ಸಣ್ಣ ವಿಷಯವಲ್ಲ. ಯಂತ್ರಗಳ ಮೇಲೆ ಅಷ್ಟು ಅನುಮಾನ ಇದ್ದ ಗಾಂಧೀಜಿ ಕೂಡ 1924ರಲ್ಲಿ ಇದೊಂದಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಇದನ್ನು ಮಾಡಿದ, ಇದರ ಹಿಂದೆ ಪ್ರೀತಿ ಇದೆ ಎಂಬುದು ಅವರ ಮಾತು. ಪಾಪ, ಸಿಂಗರನ ಸಂಸಾರದ ನಿಜವಾದ ಕಥೆ ಅವರಿಗೆ ಗೊತ್ತಿತ್ತೋ ಇಲ್ಲವೋ. ಒಂದೇ ಕಾಲಕ್ಕೆ ಒಂದಕ್ಕಿಂತ ಜಾಸ್ತಿ ಸಂಸಾರ ನಡೆಸಿದ ಭೂಪ ಅವನು!

1863ರಲ್ಲಿ ಎಬೆನೆಜರ್ ಬಟರಿಕ್ ಎಂಬ ದರ್ಜಿ ತೆಳು ಕಾಗದದ ಪ್ಯಾಟರ್ನ್‌ಗಳನ್ನು ಬೇರೆ ಬೇರೆ ಸೈಜಿನಲ್ಲಿ ಮಾರಲು ಶುರುಮಾಡಿದ. ಬಟ್ಟೆ ಮೇಲೆ ಕಾಗದ ಇಟ್ಟು ಕತ್ತರಿಸಿದರೆ ಸಾಕು. ಮೆಷಿನ್ನು, ಕಾಗದ ಎರಡೂ ಮನೆಗೆ ಬಂದ ಮೇಲೆ ಸುಮಾರು ನೂರು ವರ್ಷ ಮನೆಹೊಲಿಗೆಗೆ ಸೋಲೇ ಇರಲಿಲ್ಲ.

ಆಮೇಲೆ ಸೋಲಿಸಿದ್ದೂ ಹೊಲಿಗೆ ಮೆಷಿನ್ನೇ. ಸಾಲಾಗಿ ಕೂತವರಲ್ಲಿ ಒಬ್ಬರು ಬರೀ ಕಾಲರು, ಒಬ್ಬರು ಬರೀ ತೋಳು, ಇನ್ನೊಬ್ಬರು ಬರೀ ಕಾಜ. ಕೂಲಿ ಕಡಿಮೆ ಇರುವ ದೇಶಕ್ಕೆ ಕಾರ್ಖಾನೆ ಹೋಯಿತು. ಬಡದೇಶಗಳಿಂದ ಶ್ರೀಮಂತ ದೇಶಗಳಿಗೆ ಎಷ್ಟು ಬಟ್ಟೆ ಬರಬಹುದು ಅಂತ 1974ರಿಂದ ಇದ್ದ ಮಿತಿಯ ಒಪ್ಪಂದವೂ 2004ರ ಕೊನೆಗೆ ಮುಗಿಯಿತು. ಬಟ್ಟೆ, ದಾರ, ಗುಂಡಿ ಎಲ್ಲ ಕೊಂಡು ತರುವುದಕ್ಕಿಂತ ಹೊಲಿದ ಅಂಗಿಯೇ ಅಗ್ಗವಾಯಿತು. ಇನ್ನು ಯಾರು ಹೊಲಿಯುತ್ತಾರೆ? ಹೆಂಗಸರು ಹೊರಗೆ ದುಡಿಯಲು ಹೋದರು. ಮೆಷಿನ್ನು ಮೊದಲು ಮೂಲೆ ಸೇರಿತು, ಆಮೇಲೆ ಅದರ ಮೇಲೆ ಟೀವಿ ಬಂತು. ಇದಕ್ಕೆ ಕಣ್ಣೀರು ಹಾಕುವವರನ್ನು ಕಂಡರೆ ನನಗೆ ಅಷ್ಟಾಗಿ ಮನಸ್ಸು ಕರಗುವುದಿಲ್ಲ. ಮಧ್ಯಾಹ್ನದ ಆ ಕಟಕಟದಲ್ಲಿ ಅಮ್ಮನ ಬೆನ್ನುನೋವೂ ಇತ್ತು. ಅವಳೇನೂ ಹವ್ಯಾಸಕ್ಕೆ ಹೊಲಿಯುತ್ತಿರಲಿಲ್ಲ.

ನನಗೆ ಕಿರಿಕಿರಿ ಆಗುವುದು ರೆಡಿಮೇಡ್ ಎಂಬ ಪದದ ಬಗ್ಗೆ. ಅದೇನೋ ಮರದಲ್ಲಿ ಬಿಟ್ಟದ್ದನ್ನು ಕಿತ್ತು ತಂದ ಹಾಗೆ! ಬಟ್ಟೆ ಮೆತ್ತಗಿನ ವಸ್ತು, ಜಾರುತ್ತದೆ, ಹಿಗ್ಗುತ್ತದೆ, ಸೊಟ್ಟಗಾಗುತ್ತದೆ. ಕಾರು ಜೋಡಿಸುವ ರೋಬೋಗಳಿಗೆ ಒಂದು ತೋಳು ಕೂರಿಸುವುದು ಇವತ್ತಿಗೂ ಕಷ್ಟ. ನಾವು ಹಾಕಿಕೊಂಡಿರುವ ಅಂಗಿಯನ್ನು ಯಾರೋ ಒಬ್ಬರು ಕೂತು, ಕೈಯಲ್ಲಿ ತಳ್ಳಿ ತಳ್ಳಿಯೇ ಹೊಲಿದಿದ್ದಾರೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ಸಿದ್ಧಉಡುಪಿನ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಾಗ, ಎಷ್ಟೋ ಮಂದಿ ತಮ್ಮ ಅಂಗಿಯ ಕಾಲರ್ ತಿರುವಿ ಲೇಬಲ್ ಓದಿದ್ದು ಅದೇ ಮೊದಲು.

ಮತ್ತೆ ಹೊಲಿಯಲು ಕೂತವರಿಗೆ ಅದೂ ಒಂದು ಕಾರಣ. 2020ರಲ್ಲಿ ಎಲ್ಲರೂ ಮನೆಯಲ್ಲೇ ಕೂತಾಗ ಮಾಸ್ಕಿನ ನೆಪದಲ್ಲಿ ಎಷ್ಟೋ ಮೂಲೆಯ ಮೆಷಿನ್ನುಗಳಿಗೆ ಎಣ್ಣೆ ಬಿತ್ತು. ಆಮೇಲೆ ಜೇಬು. ನಗಬೇಡಿ, ಬರೀ ಜೇಬಿಗಾಗಿ ಹೊಲಿಗೆ ಕಲಿತವರು ಇದ್ದಾರೆ. 2018ರಲ್ಲಿ ಒಂದು ಜಾಲತಾಣದವರು 20 ಬ್ರ್ಯಾಂಡುಗಳ 80 ಜೀನ್ಸ್ ಅಳೆದು ನೋಡಿದರು. ಹೆಂಗಸರ ಪ್ಯಾಂಟಿನ ಮುಂದಿನ ಜೇಬಿನ ಆಳ ಗಂಡಸರದಕ್ಕಿಂತ ಸರಾಸರಿ ಶೇ 48ರಷ್ಟು ಕಡಿಮೆ. ಫೋನು ಎಲ್ಲಿಡುವುದು, ತಲೆ ಮೇಲಾ? ದುಡ್ಡು ಉಳಿಸಲು ಅಂತ ಈಗ ಯಾರಾದರೂ ಹೊಲಿಗೆಗೆ ಇಳಿದರೆ ಅವರಿಗೆ ನಾನೇ ಬೇಡ ಅನ್ನುತ್ತೇನೆ. ಬಟ್ಟೆಯ ಬೀರು ತುಂಬುತ್ತದೆಯೇ ಹೊರತು ಪರ್ಸಲ್ಲ.

ಗುಂಡಿ ಹಾರಿದ ಮೇಲೆ ನಾನೂ ಇಳಿದೆ. ಕಲಿಸು ಅಂದರೆ ಅಮ್ಮನಿಗೆ ತಾಳ್ಮೆ ಇಲ್ಲ. "ಹಿಂಗೆ" ಅನ್ನುತ್ತಾಳೆ, ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ವಿಡಿಯೋ ವಾಸಿ, ಹತ್ತು ಸಲ ಹಿಂದೆ ಹಾಕಿದರೂ ಗದರುವುದಿಲ್ಲ. ಮೊದಲ ಅಂಗಿಗೆ ಹೂವಿನ ಬಟ್ಟೆ ತಂದೆ. ಮಾರ್ಕು ಮಾಡಿದೆ, ಕತ್ತರಿಸಿದೆ, ಹೆಗಲು ಕೂಡಿಸಿದೆ. ಒಂದು ತೋಳು ಹೂವು ಎತ್ತಿಟ್ಟ ಹಾಗೆ ಕೂತಿತು. ಇನ್ನೊಂದು ಕೂರಲೊಲ್ಲದು. ಎತ್ತರ ಇರಬೇಕಾದ ಕಡೆ ತಗ್ಗು, ತಗ್ಗು ಇರಬೇಕಾದ ಕಡೆ ಎತ್ತರ. ಎರಡು ಸಲ ಹೊಲಿದೆ, ಎರಡು ಸಲ ಬಿಚ್ಚಿದೆ. ಮೂರನೇ ಸಲ ಅಮ್ಮ ಹಿಂದಿನಿಂದ ಬಂದು ನೋಡಿ, "ಎರಡೂ ಎಡಗೈ ಕತ್ತರಿಸಿದ್ದೀಯ" ಅಂದಳು. ಕಾಗದ ಮಗುಚಿ ಇಡದೆ ಎರಡು ತೋಳನ್ನೂ ಒಂದೇ ಮಗ್ಗುಲಿಗೆ ಕತ್ತರಿಸಿದ್ದೆ. ಸಾದಾ ಬಟ್ಟೆಯಾಗಿದ್ದರೆ ತಿರುವಿ ಹಾಕಬಹುದಿತ್ತು. ಹೂವು ಇದ್ದದ್ದು ಒಂದೇ ಕಡೆ. ಉಳಿದ ಬಟ್ಟೆ ಕರವಸ್ತ್ರಕ್ಕೂ ಸಾಲದು.

ಹೊಲಿಗೆ ಬಿಚ್ಚುವುದನ್ನು ಮಾತ್ರ ಅವತ್ತು ಸರಿಯಾಗಿ ಕಲಿತೆ. ಒಂದೊಂದೇ ಟಾಕು ಕೀಳಬಾರದು. ಒಂದು ಮಗ್ಗುಲಿನಲ್ಲಿ ನಾಲ್ಕೈದು ಟಾಕಿಗೊಂದು ಸಲ ದಾರ ಕತ್ತರಿಸುತ್ತಾ ಹೋಗಿ, ಮಗುಚಿ ಇನ್ನೊಂದು ದಾರ ಎಳೆದರೆ ಇಡೀ ಗೆರೆ ಎದ್ದು ಬರುತ್ತದೆ. ಬಟ್ಟೆಯಲ್ಲಿ ಸಣ್ಣ ಸಣ್ಣ ತೂತುಗಳ ಸಾಲು ಉಳಿಯುತ್ತದೆ. ಉಗುರಿನಲ್ಲಿ ಉಜ್ಜಿದರೆ ಅದೂ ಹೆಚ್ಚುಕಡಿಮೆ ಮಾಯ. ಕೊನೆಗೆ ಎರಡು ತೋಳನ್ನೂ ಕಿತ್ತು, ಕಂಕುಳಿಗೆ ಪಟ್ಟಿ ಕೊಟ್ಟು ಮುಗಿಸಿದೆ. ಹಾಕಿಕೊಂಡು ಹೋದಾಗ, ತೋಳಿಲ್ಲದ ಮಾಡೆಲ್ ಎಲ್ಲಿ ತಗೊಂಡೆ ಅಂತ ಇಬ್ಬರು ಕೇಳಿದರು. ನಾನು ಸುಮ್ನೆ ನಕ್ಕೆ.

ಮೊನ್ನೆ ಪ್ಯಾಂಟು ಹೊಲಿಯಲು ಕೂತಿದ್ದೆ. ಪಕ್ಕಕ್ಕೆ ಒಂದಿಂಚು ಜಾಸ್ತಿ ಬಿಟ್ಟು ಚಾಕಿನಲ್ಲಿ ಗೆರೆ ಎಳೆಯುವುದನ್ನು ಅಮ್ಮ ನೋಡುತ್ತಾ ನಿಂತಿದ್ದಳು.

"ಇಷ್ಟೊಂದು ಯಾಕೆ? ಇನ್ನೂ ಬೆಳೀತೀಯಾ?"

"ಅಡ್ಡಕ್ಕೆ" ಅಂದೆ. ಅವಳು ಟೇಪು ಕಿತ್ತುಕೊಂಡು, ನನ್ನ ಸೊಂಟವನ್ನೊಮ್ಮೆ ನೋಡಿ, ಗೆರೆಯನ್ನು ಇನ್ನೂ ಅರ್ಧ ಇಂಚು ಆಚೆ ಎಳೆದಳು.