ಸ್ಪೈಡರ್‌ಮ್ಯಾನ್‌ಗೆ ನಾಲ್ಕನೇ ಸೀಟು

1962ರಲ್ಲಿ ಸ್ಪೈಡರ್‌ಮ್ಯಾನ್ ನ್ಯೂಯಾರ್ಕಿನಲ್ಲಿ ಅವತರಿಸಿದ್ದು ಅವನ ಪೂರ್ವಜನ್ಮದ ಪುಣ್ಯ. ಅಲ್ಲಿನ ಮ್ಯಾನ್‌ಹಟನ್‌ನಲ್ಲಿ ಯಾವ ದಿಕ್ಕಿಗೆ ಜೇಡರಬಲೆಯ ಎಳೆ ಬಿಟ್ಟರೂ ಅಂಟಿಸಿ ತೂಗಲು ಒಂದು ಗಗನಚುಂಬಿ ಸಿಗುತ್ತದೆ. ರಜೆಗೆಂದು ಧಾರವಾಡದಿಂದ ಮುಂಬಯಿಗೆ ಬಂದ ಅಕ್ಕನ ಮಗ ಕಾಮಿಕ್ಸಿನಿಂದ ತಲೆ ಎತ್ತಿ, "ಮಾಮಾ, ಇವನು ಡೊಂಬಿವಲಿಯಿಂದ ನಿಮ್ಮ ಆಫೀಸಿಗೆ ಎಷ್ಟು ಹೊತ್ತಿನಲ್ಲಿ ಹೋಗುತ್ತಾನೆ?" ಎಂದು ಕೇಳಿದ.

"ಹೋಗುವುದೇ ಇಲ್ಲ" ಎಂದೆ.

ಮಾಟುಂಗದ ಹಳೆಯ ಕಟ್ಟಡಗಳನ್ನೇ ನೋಡಿ. ಬಹುಪಾಲು ಮೂರೋ ನಾಲ್ಕೋ ಮಹಡಿ. ಎಳೆ ಸ್ವಲ್ಪ ಉದ್ದವಾದರೂ ಸಾಕು, ವೀರನ ಬೆನ್ನು ಹೂವಿನ ಅಂಗಡಿಗಳ ಮುಂದಿನ ಫುಟ್‌ಪಾತನ್ನು ಗುಡಿಸುತ್ತದೆ. ಇಷ್ಟಕ್ಕೂ ಎಳೆ ಅಂಟುವುದಾದರೂ ಎಲ್ಲಿಗೆ? ಕಿಟಕಿಯ ಗ್ರಿಲ್ಲಿಗೆ ತಾನೇ? ಆ ಗ್ರಿಲ್ಲಿನಲ್ಲಿ ತುಳಸಿ ಕುಂಡ, ಒಣಹಾಕಿದ ಸಂಡಿಗೆ, ಮಗುವಿನ ಶಾಲೆಯ ಕಾಲುಚೀಲ ಈಗಾಗಲೇ ಸಂಸಾರ ಹೂಡಿರುತ್ತವೆ. ಪಕ್ಕದಲ್ಲಿ ತುಕ್ಕು ಹಿಡಿದ ಎರಡು ಕಬ್ಬಿಣದ ಪಟ್ಟಿಗಳನ್ನು ನಂಬಿ ಎ.ಸಿ. ಡಬ್ಬಿ ಕುಳಿತಿರುತ್ತದೆ. ಎಳೆಯನ್ನು ಅಡ್ಡಲಾಗಿ ಬಿಗಿದು ಜಿಗಿದವನು ತೂಗುತ್ತ ಕೆಳತುದಿಗೆ ಬಂದಾಗ ಅದರ ಮೇಲೆ ಬೀಳುವ ಸೆಳೆತ ಅವನ ತೂಕದ ಮೂರು ಪಟ್ಟು. 70 ಕಿಲೋ ಹುಡುಗ 210 ಕಿಲೋ ಆದ ಹಾಗೆ. ಅವನು ಬಿದ್ದರೆ ಆಸ್ಪತ್ರೆ. ಗ್ರಿಲ್ ಬಿದ್ದರೆ ಹೌಸಿಂಗ್ ಸೊಸೈಟಿಯ ಮೀಟಿಂಗ್. ಯಾವುದು ಹೆಚ್ಚು ಘೋರವೆಂದು ಫ್ಲ್ಯಾಟಿನಲ್ಲಿ ಇದ್ದವರನ್ನು ಕೇಳಿ.

ಸೂಪರ್‌ಮ್ಯಾನ್ ಕತೆಯೂ ಅಷ್ಟೆ. 1938ರಲ್ಲಿ ಹುಟ್ಟಿದಾಗ ಆ ಮಹಾಶಯನಿಗೆ ಹಾರಲು ಬರುತ್ತಿರಲಿಲ್ಲ. ಮೈಲಿಯ ಎಂಟನೇ ಒಂದು ಪಾಲು, ಅಂದರೆ ಸುಮಾರು 200 ಮೀಟರ್ ನೆಗೆಯುತ್ತಿದ್ದ. ನೆಗೆದವನು ಇಳಿಯಲೂ ಬೇಕಲ್ಲ? ಮಳೆಗಾಲ ಬಂತೆಂದರೆ ಇಲ್ಲಿನ ಛಾವಣಿಗಳೆಲ್ಲ ನೀಲಿ ಪ್ಲಾಸ್ಟಿಕ್ ಹೊದ್ದಿರುತ್ತವೆ. ಅದನ್ನು ಹರಿದವನು ಯಾವ ಗ್ರಹದವನೆಂದು ಕೆಳಗೆ ಬಕೆಟ್ ಹಿಡಿದು ನಿಂತ ಅಜ್ಜಿ ವಿಚಾರಿಸುವುದಿಲ್ಲ. ಅದಿರಲಿ, ಮುಂಬಯಿಯ ಮೇ ತಿಂಗಳಲ್ಲಿ ಅಂಗಿಯ ಒಳಗೆ ಇನ್ನೊಂದು ಬಿಗಿ ಉಡುಪು ತೊಟ್ಟು ಓಡಾಡುವುದಿದೆಯಲ್ಲ, ಅದಕ್ಕಿಂತ ದೊಡ್ಡ ಸಾಹಸವನ್ನು ಅವನು ಯಾವ ಸಂಚಿಕೆಯಲ್ಲೂ ಮಾಡಿಲ್ಲ. ಬ್ಯಾಟ್‌ಮ್ಯಾನ್ ಕಾರಿನಲ್ಲಿ ಬರುತ್ತಾನಂತೆ. ದಾದರಿನಲ್ಲಿ ಪಾರ್ಕಿಂಗ್ ಹುಡುಕಲಿ, ಪಾಪ.

ಕೊನೆಗೆ ಎಲ್ಲರಿಗೂ ಲೋಕಲ್ ರೈಲೇ ಗತಿ. ಕಳೆದ ಮಳೆಗಾಲದಲ್ಲಿ ನನ್ನ ಎಡಗಾಲಿನ ಚಪ್ಪಲಿ ಜನರ ಕಾಲಿಗೆ ಸಿಕ್ಕಿ ಕುರ್ಲಾದಲ್ಲೇ ಇಳಿದುಹೋಯಿತು. ನಾನು ಡೊಂಬಿವಲಿಯವರೆಗೆ ಒಂಟಿ ಚಪ್ಪಲಿಯಲ್ಲಿ ಬಂದೆ. ಬೆನ್ನ ಹಿಂದೆ ಮೊಣಕಾಲಿನವರೆಗೆ ಹೊದಿಕೆ ಇಳಿಬಿಟ್ಟವರ ಗತಿ ಊಹಿಸಿಕೊಳ್ಳಿ. ಅದೃಷ್ಟ ನೆಟ್ಟಗಿದ್ದರೆ ನಾಲ್ಕನೇ ಸೀಟು ಸಿಕ್ಕೀತು. ಮೂವರು ಕೂರುವ ಬೆಂಚಿನ ತುದಿಯಲ್ಲಿ ಅರ್ಧ ಪೃಷ್ಠ ಊರಿ, ಉಳಿದರ್ಧವನ್ನು ಗಾಳಿಗೆ ಒಪ್ಪಿಸುವ ವಿದ್ಯೆ ಅದು. ಅದನ್ನು ಕಲಿಸಲು ಯಾವ ಜೇಡವೂ ಕಚ್ಚಿ ಪ್ರಯೋಜನವಿಲ್ಲ.

ಹುಡುಗ ಸೋಲಲಿಲ್ಲ. "ಅವನ ಕೈ ಗೋಡೆಗೆ ಅಂಟುತ್ತದಲ್ಲ, ರೈಲು ಡಬ್ಬಿಯ ಮೇಲೆ ಅಂಟಿಕೊಂಡು ಹೋಗುತ್ತಾನೆ."

"ಮೇಲೆ 25,000 ವೋಲ್ಟಿನ ತಂತಿ ಇದೆ."

"ಹಾಗಾದರೆ ಒಳಗೇ, ಛಾವಣಿಗೆ!"

ಫ್ಯಾನುಗಳ ನಡುವೆ ಜಾಗವೇನೋ ಖಾಲಿ ಇದೆ. ಇಷ್ಟು ವರ್ಷ ಅದು ಯಾರ ಕಣ್ಣಿಗೂ ಬೀಳದಿದ್ದದ್ದೇ ಸೋಜಿಗ. ಆದರೆ ರೈಲು ಠಾಣೆ ಸ್ಟೇಷನ್ ದಾಟುವುದರೊಳಗೆ ಯಾರಾದರೂ ಅವನ ಕಾಲಿಗೆ ಚೀಲ ತೂಗುಹಾಕಿರುತ್ತಾರೆ.