ಎಳೆಯರ ಫುಟ್‌ಬಾಲ್‌ಗೆ ಹಾಕಿದ ಹಣ ವಿಶ್ವಕಪ್ ತಂದುಕೊಡುತ್ತದೆಯೇ?

ಪರ

ಯೂರೋಪಿನ ರಾಷ್ಟ್ರೀಯ ತಂಡಗಳ ಚಾಂಪಿಯನ್‌ಷಿಪ್ ಆದ ಯೂರೋ 2000ಕ್ಕೆ ಹಾಲಿ ಚಾಂಪಿಯನ್ ಆಗಿ ಹೋದ ಜರ್ಮನಿ ಮೂರು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದೆ, ಒಟ್ಟು ಒಂದೇ ಗೋಲು ಹೊಡೆದು, ಗುಂಪಿನ ಕೊನೆಯ ಸ್ಥಾನದಲ್ಲಿ ಉಳಿಯಿತು. ಇಂಥ ಸೋಲಿನ ನಂತರ ತರಬೇತುದಾರನ ತಲೆದಂಡ ಪಡೆದು ಕೈತೊಳೆದುಕೊಳ್ಳುವುದು ಎಲ್ಲೆಡೆಯ ರೂಢಿ. ಜರ್ಮನಿಯ ಫುಟ್‌ಬಾಲ್ ಸಂಸ್ಥೆ ಅಷ್ಟಕ್ಕೆ ನಿಲ್ಲಲಿಲ್ಲ. ಅಗ್ರ ಎರಡು ದರ್ಜೆಗಳ ಕ್ಲಬ್‌ಗಳು ಕಿರಿಯರ ಅಕಾಡೆಮಿ ನಡೆಸದಿದ್ದರೆ ಆಡಲು ಪರವಾನಗಿಯೇ ಇಲ್ಲವೆಂಬ ನಿಯಮ ಬಂತು. 2002ರಿಂದ ಸಂಸ್ಥೆಯ ಖರ್ಚಿನಲ್ಲೇ 350ಕ್ಕೂ ಹೆಚ್ಚು ತರಬೇತಿ ಕೇಂದ್ರಗಳು ತೆರೆದವು. ದೊಡ್ಡ ಕ್ಲಬ್‌ಗಳ ಕಣ್ಣಿಗೆ ಬೀಳದ ಊರುಗಳ ಮಕ್ಕಳಿಗೂ, ತಮ್ಮೂರಿನ ಕ್ಲಬ್ ಬಿಡದೆಯೇ, ವಾರಕ್ಕೊಮ್ಮೆ ಪಳಗಿದ ತರಬೇತುದಾರರ ಕೈಕೆಳಗೆ ಅಭ್ಯಾಸ ಮಾಡುವ ಅವಕಾಶ ಸಿಕ್ಕಿತು. ಹಣ ಹೋದದ್ದು ತಾರೆಯರ ಸಂಬಳಕ್ಕಲ್ಲ, ಹುಡುಕಾಟಕ್ಕೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಫಲಕ್ಕೆ ಕಾಯಬೇಕಾಯಿತು. 2009ರಲ್ಲಿ 21 ವರ್ಷದೊಳಗಿನವರ ಯೂರೋಪ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಜರ್ಮನಿ ಇಂಗ್ಲೆಂಡನ್ನು 4-0ರಿಂದ ಮಣಿಸಿತು. ನ್ಯೂಯರ್, ಹುಮೆಲ್ಸ್, ಓಜಿಲ್ ಸೇರಿ ಆ ತಂಡದ ಆರು ಮಂದಿ 2014ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ರಿಯೋದ ಫೈನಲ್‌ನಲ್ಲಿ ಏಕೈಕ ಗೋಲು ಹೊಡೆದ ಮಾರಿಯೊ ಗೊಟ್ಜೆಗೆ, ಆ ಕೇಂದ್ರಗಳು ತೆರೆದ ವರ್ಷ ತುಂಬಿದ್ದು ಹತ್ತು.

ವಿರೋಧ

ಈ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಹೇಳುವವರು ಕಡಿಮೆ. ಅದೇ 2002ರಲ್ಲಿ, ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲಿಗಾದ ಪ್ರಸಾರ ಹಕ್ಕು ಹೊಂದಿದ್ದ ಕಿರ್ಷ್ ಮಾಧ್ಯಮ ಸಮೂಹ ದಿವಾಳಿಯಾಯಿತು. ಟಿವಿ ಹಣವನ್ನೇ ನೆಚ್ಚಿಕೊಂಡಿದ್ದ ಕ್ಲಬ್‌ಗಳಿಗೆ ಹೊರಗಿನ ಆಟಗಾರರನ್ನು ಕೊಳ್ಳುವ ತಾಕತ್ತು ಕುಗ್ಗಿ, ತಮ್ಮಲ್ಲೇ ಬೆಳೆದ ಹುಡುಗರನ್ನು ಕಣಕ್ಕಿಳಿಸುವುದು ಅನಿವಾರ್ಯವಾಯಿತು. ಎಷ್ಟೇ ತರಬೇತಿ ಕೊಟ್ಟರೂ ಹಿರಿಯರ ಪಂದ್ಯಗಳಲ್ಲಿ ಆಡದ ಹುಡುಗ ಮಾಗುವುದಿಲ್ಲ. ಆ ಬಾಗಿಲು ತೆರೆದದ್ದರಲ್ಲಿ ಹಣಕ್ಕಿಂತ ಹಣದ ಅಭಾವದ ಪಾಲೇ ದೊಡ್ಡದೆಂದು ನನಗೆ ತೋರುತ್ತದೆ.

ಕೇಂದ್ರಗಳು ಆಮೇಲೂ ನಡೆದವು, ಅಕಾಡೆಮಿಗಳ ಖರ್ಚೂ ಏರಿತು. ಆದರೂ 2018 ಮತ್ತು 2022ರ ವಿಶ್ವಕಪ್‌ಗಳೆರಡರಲ್ಲೂ ಜರ್ಮನಿ ಗುಂಪು ಹಂತ ದಾಟಲಿಲ್ಲ. 2018ರಲ್ಲಿ ಫೈನಲ್ ತಲುಪಿದ್ದು ಬೆಂಗಳೂರಿನ ಅರ್ಧದಷ್ಟೂ ಜನರಿಲ್ಲದ ಕ್ರೊಯೇಷ್ಯಾ. ಅದರ ನಾಯಕ ಲೂಕಾ ಮೊಡ್ರಿಚ್ ಯುದ್ಧದ ನಿರಾಶ್ರಿತನಾಗಿ ಜಾದರ್‌ನ ಹೋಟೆಲೊಂದರಲ್ಲಿ ಬೆಳೆದು, ಅದರ ವಾಹನ ನಿಲುಗಡೆಯ ಜಾಗದಲ್ಲಿ ಚೆಂಡು ಒದೆಯುತ್ತಿದ್ದವನು. ಇತ್ತ, 2015ರಲ್ಲಿ ಸರ್ಕಾರವೇ ಸುಧಾರಣಾ ಯೋಜನೆ ಪ್ರಕಟಿಸಿ ಸಾವಿರಾರು ಶಾಲೆಗಳಿಗೆ ಫುಟ್‌ಬಾಲ್ ತಂದ ಚೀನಾ, ತಂಡಗಳ ಸಂಖ್ಯೆ 48ಕ್ಕೆ ಏರಿದ 2026ರ ವಿಶ್ವಕಪ್‌ಗೂ ಅರ್ಹತೆ ಪಡೆಯಲಿಲ್ಲ. ಅದು ಈವರೆಗೆ ಆಡಿರುವ ಒಂದೇ ವಿಶ್ವಕಪ್ 2002ರದು. ಅಲ್ಲಿ ಒಂದು ಗೋಲನ್ನೂ ಹೊಡೆದಿರಲಿಲ್ಲ.